ಹಿಮಕ್ಕೂ ಒಂದು ಹದವುಂಟು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸಂಸಾರದ ಸಂಗತಿಗಳಿಗೆ ಅನ್ವಯಿಸಿ ಹೇಳುತ್ತಿದ್ದರು. ಅವರಲ್ಲಿ ಬಹುಮಂದಿಗೆ ನಿಜವಾದ ದೂರದ ಬೆಟ್ಟವನ್ನು ಏರುವ ಪ್ರಸಂಗವೇ ಒದಗಿರಲಿಲ್ಲ. ಈಗ ಕಾಲ ಬದಲಾಗಿದೆ. ಮೈಸೂರಿನ ವಾಯವ್ಯಕ್ಕಿರುವ ನಮ್ಮ ಹೂಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ತರುಣ ತರುಣಿಯರು, ಇಲ್ಲಿನ ಬಡಾವಣೆಗಳ ಮನೆಗಳಿಂದ ಬೆಂಗಳೂರಿಗೂ ಹೊರದೇಶಗಳಿಗೂ ಉದ್ಯೋಗಕ್ಕಾಗಿ ಹೋದ ಮಕ್ಕಳು, ಬೇಸಿಗೆ ಬಂತೆಂದರೆ ಬೆನ್ನಿಗೆ ಚೀಲ ಕಟ್ಟಿ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಜರ್ಮನಿ, ಸ್ವಿಟ್ಸರ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದವರು ಆಲ್ಪ್ಸ್ ಮತ್ತು ರಾಕಿ ಪರ್ವತಗಳಲ್ಲಿ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಸಂಚರಿಸುವುದನ್ನು ಕಲಿಯುತ್ತಿದ್ದಾರೆ. ಮನೆಯಲ್ಲಿ ಉಳಿದ ತಂದೆತಾಯಿಗಳ ದೂರವಾಣಿಗೆ ಚಿತ್ರ ಬರುತ್ತದೆ: ನೀಲಿಯ ಆಕಾಶ, ಬೆಳ್ಳನೆಯ ಇಳಿಜಾರು, ನಗುವ ಮುಖ. ಆ ಚಿತ್ರದಲ್ಲಿ ಬೆಟ್ಟ ಇನ್ನೂ ನುಣ್ಣಗೇ ಇದೆ.

ಇಂಥ ಪ್ರವಾಸಗಳು ಬೇಡವೆನ್ನುವುದು ಈ ಬರಹದ ಉದ್ದೇಶವಲ್ಲ. ಪರ್ವತವು ಮನುಷ್ಯನ ಅಹಂಕಾರವನ್ನು ಕರಗಿಸಿ, ದೇಹಕ್ಕೆ ಶ್ರಮವನ್ನೂ ಮನಸ್ಸಿಗೆ ಮೌನವನ್ನೂ ಕಲಿಸುವ ಗುರುವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಗುರುವಿನ ಬಳಿಗೆ ಹೋಗಲು ಒಂದು ಹೊತ್ತುಂಟು. ಚಳಿಗಾಲದ ಹಿಮ ಇನ್ನೂ ಕರಗಿ ಮುಗಿಯದ, ಬೇಸಿಗೆ ಇನ್ನೂ ನೆಲೆಗೊಳ್ಳದ ಋತುವಿನ ಆರಂಭಕಾಲದಲ್ಲಿ ಬೆಟ್ಟವೇರುವವರು ಏನನ್ನು ಅರಿತಿರಬೇಕು, ಅವರನ್ನು ಕಳುಹಿಸಿಕೊಡುವ ಮನೆಯವರು ಏನನ್ನು ಕೇಳಬೇಕು ಎಂಬುದಷ್ಟೇ ಇಲ್ಲಿಯ ವಿಚಾರ.

ಮೊದಲಿಗೆ ನಮ್ಮ ನೆಲೆಯನ್ನು ನಾವು ತಿಳಿಯಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರ್ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರಿ ನಿಂತರೂ ನಾವು ಸಾವಿರ ಮೀಟರನ್ನು ಸ್ವಲ್ಪವೇ ಮೀರಿರುತ್ತೇವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರನ್ನು ಮುಟ್ಟುವುದಿಲ್ಲ. ಹಿಮ ಬೀಳುವ ನೆಲವೇ ನಮ್ಮ ನಾಡಿನಲ್ಲಿಲ್ಲ. ನಮ್ಮ ನುಡಿಯೇ ಇದಕ್ಕೆ ಸಾಕ್ಷಿ. ಮಳೆಗೆ ಸೋನೆ, ತುಂತುರು, ಜಡಿ ಎಂದು ಎಷ್ಟೋ ಹೆಸರಿಟ್ಟ ಕನ್ನಡಿಗರು, ಮುಂಜಾನೆ ಹೊಲದ ಮೇಲೆ ಕವಿಯುವುದಕ್ಕೂ ಕೇದಾರದ ಶಿಖರದ ಮೇಲೆ ಕೂರುವುದಕ್ಕೂ 'ಮಂಜು' ಎಂಬ ಒಂದೇ ಮಾತನ್ನು ಬಳಸುತ್ತೇವೆ. ಹೆಸರಿಲ್ಲದ ವಸ್ತುವಿನ ಗುಣದೋಷಗಳನ್ನು ಮನೆಯಲ್ಲಿ ಹೇಳಿಕೊಡುವವರು ಇರುವುದಿಲ್ಲ. ಆದ್ದರಿಂದ ಹಿಮದ ಪಾಠವನ್ನು ನಾವು ಬೇರೆಯವರಿಂದ ವಿನಯದಿಂದ ಕಲಿಯಬೇಕಾಗಿದೆ.

ಹಾಗೆ ಕಲಿತ ಒಂದು ಪರಂಪರೆ ನಮ್ಮ ಸಮಾಜದೊಳಗೇ ಉಂಟು. ೩,೫೮೩ ಮೀಟರ್ ಎತ್ತರದ ಕೇದಾರನಾಥದ ರಾವಲ ಪದವಿಯನ್ನು ದಕ್ಷಿಣದ ವೀರಶೈವ ಜಂಗಮ ಪರಂಪರೆಯವರು ಅಲಂಕರಿಸುತ್ತ ಬಂದಿರುವುದು ಓದುಗರಿಗೆ ತಿಳಿದ ವಿಷಯ. ಬಯಲುಸೀಮೆಯಿಂದ ಹೋದ ಈ ಪೂಜ್ಯರು ಅಲ್ಲಿ ನೆಲೆನಿಂತದ್ದು ಹಿಮದೊಡನೆ ಹಟಕ್ಕೆ ನಿಂತಲ್ಲ, ಅದರ ಕಾಲಮಾನಕ್ಕೆ ತಲೆಬಾಗಿ. ದೀಪಾವಳಿ ಕಳೆದು ಕಾರ್ತಿಕ ಶುದ್ಧ ಬಿದಿಗೆಯಂದು ದೇಗುಲದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿ ಕೆಳಗಿನ ಊಖೀಮಠದ ಓಂಕಾರೇಶ್ವರ ಸನ್ನಿಧಿಗೆ ಇಳಿದುಬರುತ್ತದೆ. ಚಳಿಗಾಲವಿಡೀ ಪೂಜೆ ಅಲ್ಲಿಯೇ ನಡೆಯುತ್ತದೆ. ಮರುವರ್ಷ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪ್ರಕಟಿಸಲಾಗುತ್ತದೆ. ದೇವರೇ ಆರು ತಿಂಗಳು ಬೆಟ್ಟದಿಂದ ಕೆಳಗಿಳಿದು ಕಾಯುವ ಈ ಕ್ರಮದಲ್ಲಿ, ಭಕ್ತಿಯಷ್ಟೇ ಅನುಭವವೂ ಅಡಗಿದೆ.

ಬಾಗಿಲು ತೆರೆದ ಮಾತ್ರಕ್ಕೆ ಬೆಟ್ಟ ತೆರೆಯಿತೆಂದು ತಿಳಿಯುವಂತಿಲ್ಲ. ೨೦೨೩ರ ಏಪ್ರಿಲ್ ೨೫ರಂದು ಕೇದಾರದ ಬಾಗಿಲು ತೆರೆದ ದಿನಗಳಲ್ಲಿ ಹಿಮ ಸುರಿಯುತ್ತಿದ್ದ ಕಾರಣ ಯಾತ್ರಿಕರ ನೋಂದಣಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಪಂಚಾಂಗದ ದಿನ ಒಂದು, ಹಿಮದ ದಿನ ಇನ್ನೊಂದು. ಇವೆರಡರ ನಡುವಿನ ಅಂತರವೇ ಋತುವಿನ ಆರಂಭಕಾಲದ ಅಪಾಯ.

ಆ ಅಂತರದಲ್ಲಿ ನಡೆಯುವುದೇನು? ನಮ್ಮ ರೈತನಿಗೆ ಇದನ್ನು ತಿಳಿಸುವುದು ಸುಲಭ. ಮಳೆ ಬಿದ್ದ ಕೂಡಲೇ ಆತ ನೇಗಿಲು ಹೂಡುವುದಿಲ್ಲ, ನೆಲ ಹದಕ್ಕೆ ಬರುವುದನ್ನು ಕಾಯುತ್ತಾನೆ. ಹಿಮಕ್ಕೂ ಹಾಗೆಯೇ ಒಂದು ಹದವುಂಟು. ವಸಂತದ ಹಗಲಿನಲ್ಲಿ ಬಿಸಿಲಿಗೆ ಮೇಲ್ಪದರ ಕರಗುತ್ತದೆ. ರಾತ್ರಿ ನಿರಭ್ರವಾಗಿದ್ದರೆ ಅದು ಮತ್ತೆ ಹೆಪ್ಪುಗಟ್ಟಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುಂಜಾನೆ ಅದರ ಮೇಲೆ ಕಾಲಿಟ್ಟರೆ ಹೂತುಹೋಗುವುದಿಲ್ಲ, ಆದರೆ ಜಾರುತ್ತದೆ. ಹೊತ್ತೇರಿದಂತೆ ಮೇಲಿನ ಒಂದೆರಡು ಅಂಗುಲ ಸಡಿಲಗೊಂಡು ನಡೆಯಲೂ ಜಾರಲೂ ಹಿತವಾಗುತ್ತದೆ. ಇದೇ ಹದ. ಮಧ್ಯಾಹ್ನವಾಯಿತೆಂದರೆ ಅದೇ ಹಿಮ ಮೊಣಕಾಲುದ್ದ ಕುಸಿಯುವ ರಾಡಿಯಾಗಿ, ಕಡಿದಾದ ಇಳಿಜಾರುಗಳಲ್ಲಿ ತನ್ನ ಭಾರಕ್ಕೆ ತಾನೇ ಜಾರಿ ಹಿಮಪಾತವಾಗುತ್ತದೆ. ಹೊಳೆಗಳ ಮೇಲಿನ ಹಿಮದ ಸೇತುವೆಗಳು ಅಡಿಯಿಂದ ಕರಗಿ ಪೊಳ್ಳಾಗಿರುತ್ತವೆ. ಬೆಳಿಗ್ಗೆ ದಾಟಿದ ತೊರೆ ಸಂಜೆಗೆ ದಾಟಲಾಗದಷ್ಟು ಉಕ್ಕುತ್ತದೆ. ಹೀಗಾಗಿ ಪರ್ವತ ಬಲ್ಲವರು ನಸುಕಿಗೆ ಮುಂಚೆಯೇ ಹೊರಟು, ನಡುಹಗಲಿನೊಳಗೆ ಅಪಾಯದ ಇಳಿಜಾರನ್ನು ದಾಟಿ ಬಿಡಾರ ಸೇರಿರುತ್ತಾರೆ. ರಾತ್ರಿ ಮೋಡ ಮುಸುಕಿ ಹಿಮ ಹೆಪ್ಪುಗಟ್ಟದಿದ್ದರೆ ಅವರು ಅಂದು ಹೊರಡುವುದೇ ಇಲ್ಲ.

ಇಷ್ಟೆಲ್ಲ ಬಲ್ಲವರಿಗೂ ಆಕಾಶ ಮುನಿದರೆ ಕಷ್ಟ ತಪ್ಪಿದ್ದಲ್ಲ ಎಂಬುದಕ್ಕೆ ಕನ್ನಡಿಗರು ಮರೆಯಲಾಗದ ನಿದರ್ಶನವೊಂದಿದೆ. ಉತ್ತರಾಖಂಡದ ಉತ್ತರಕಾಶಿ ಮತ್ತು ತೆಹ್ರಿ ಜಿಲ್ಲೆಗಳ ಸೀಮೆಯಲ್ಲಿ, ಹದಿನಾಲ್ಕು ಸಾವಿರ ಅಡಿಗಳಿಗಿಂತ ಎತ್ತರದಲ್ಲಿ ಸಹಸ್ರತಾಲ್ ಎಂಬ ಸರೋವರಗಳ ತಾಣವಿದೆ. ೨೦೨೪ರ ಮೇ ೨೯ರಂದು ಇಪ್ಪತ್ತೆರಡು ಜನರ ತಂಡವೊಂದು ಅತ್ತ ಹೊರಟಿತು. ಅವರಲ್ಲಿ ಹದಿನೆಂಟು ಮಂದಿ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಮಾರ್ಗದರ್ಶಿಗಳು. ಜೂನ್ ೭ರ ಹೊತ್ತಿಗೆ ಅವರು ಮರಳಬೇಕಿತ್ತು. ಜೂನ್ ೩ರಂದು ಮೇಲಿನ ತಾಣದಿಂದ ಶಿಬಿರಕ್ಕೆ ಇಳಿಯುತ್ತಿದ್ದಾಗ ಹಿಮಬಿರುಗಾಳಿ ಎದ್ದು ದಾರಿಯೇ ಕಾಣದಾಯಿತು. ಆ ಕೊರೆಯುವ ಗಾಳಿಯಲ್ಲಿ ರಾತ್ರಿ ಕಳೆಯಬೇಕಾಗಿ ಬಂದು ಒಂಬತ್ತು ಮಂದಿ ಪ್ರಾಣ ಬಿಟ್ಟರು. ಉಳಿದ ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯ ವಿಪತ್ತು ಸ್ಪಂದನಾ ಪಡೆಯೂ ಈ ಕಾರ್ಯದಲ್ಲಿ ತೊಡಗಿದ್ದವು. ಕರ್ನಾಟಕ ಸರ್ಕಾರದ ಪರವಾಗಿ ಕಂದಾಯ ಸಚಿವ ಕೃಷ್ಣಬೈರೇಗೌಡರು ಡೆಹ್ರಾಡೂನಿಗೆ ಧಾವಿಸಿದ್ದರು.

ಮೃತರಲ್ಲಿ ಪರ್ವತದ ಅನುಭವವಿದ್ದವರೂ, ಎಪ್ಪತ್ತು ದಾಟಿದ ಹಿರಿಯರೂ ಇದ್ದರು. ಯಾರ ಲೋಪವೆಂದು ಬೆಚ್ಚಗಿನ ಮನೆಯಲ್ಲಿ ಕುಳಿತು ತೀರ್ಪು ನೀಡುವುದು ಸಲ್ಲದು. ಆ ಒಂಬತ್ತು ಮನೆಗಳ ದುಃಖದ ಮುಂದೆ ಅದು ಸಣ್ಣ ಮಾತಾಗುತ್ತದೆ. ಆದರೆ ಪಾಠವನ್ನು ಕಲಿಯದಿದ್ದರೆ ಅದೂ ಅವರಿಗೆ ಮಾಡುವ ಅಗೌರವವೇ ಸರಿ. ಅಲ್ಲಿ ಕಂದಕಕ್ಕೆ ಬಿದ್ದು ಆದ ಸಾವುಗಳಲ್ಲ ಇವು. ಜೂನ್ ತಿಂಗಳ ಒಂದು ಹಗಲು ಮತ್ತು ಒಂದು ರಾತ್ರಿಯ ಚಳಿಗಾಳಿ ಸಾಕಾಯಿತು.

ಚಳಿ ಹೇಗೆ ಕೊಲ್ಲುತ್ತದೆಂಬುದನ್ನು ಬಿಸಿಲ ನಾಡಿನ ನಾವು ಅರಿಯುವುದು ಅವಶ್ಯ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ಬೇರಾವ ಭೇದವಿಲ್ಲದಿದ್ದರೂ ಮೈಸೂರಿಗಿಂತ ೪,೪೦೦ ಮೀಟರ್ ಎತ್ತರದ ತಾಣ ಇಪ್ಪತ್ತಮೂರು ಡಿಗ್ರಿಗಳಷ್ಟು ತಣ್ಣಗಿರುತ್ತದೆ. ಗಾಳಿ ಬೀಸಿದರೆ ಮೈಯ ಶಾಖ ಮತ್ತಷ್ಟು ಬೇಗ ಹೋಗುತ್ತದೆ. ಬಟ್ಟೆ ಒದ್ದೆಯಾದರಂತೂ ಹೇಳಬೇಕಾದುದೇ ಇಲ್ಲ, ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖವನ್ನು ಹೀರುತ್ತದೆ. ನಮಗೆ ಪ್ರಿಯವಾದ ಹತ್ತಿಯ ಬಟ್ಟೆ ಬೆವರನ್ನೂ ಮಳೆಯನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಶತ್ರುವಾಗುತ್ತದೆ. ಉಣ್ಣೆಯೇ ಅಲ್ಲಿಗೆ ಯೋಗ್ಯ. ದೇಹದೊಳಗಿನ ಉಷ್ಣತೆ ೩೫ ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು ಮಾತು, ತೂರಾಡುವ ನಡಿಗೆ ಕಾಣಿಸುತ್ತವೆ. ಮುಂದೆ ನಡುಕವೇ ನಿಂತುಹೋಗುತ್ತದೆ. ಚಳಿ ಹೋಯಿತೆಂದು ಜೊತೆಯವರು ಸಮಾಧಾನಪಡುವ ಆ ಗಳಿಗೆಯೇ ಅತ್ಯಂತ ಅಪಾಯದ್ದು. ಅಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹೊದಿಸಿ, ನೆಲದ ತಂಪು ತಾಗದಂತೆ ಮಲಗಿಸಬೇಕು. ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಕೈಕಾಲು ತಿಕ್ಕುವುದಾಗಲಿ ಮದ್ಯ ಕುಡಿಸುವುದಾಗಲಿ ಕೂಡದು.

ಇದರ ಜೊತೆಗೆ ಎತ್ತರದ ಬಾಧೆ ಬೇರೆ. ೪,೪೦೦ ಮೀಟರ್ ಎತ್ತರದಲ್ಲಿ ಒಂದೊಂದು ಉಸಿರಿಗೂ ದಕ್ಕುವ ಪ್ರಾಣವಾಯು ಸಮುದ್ರತೀರದಲ್ಲಿ ದೊರೆಯುವುದರ ಶೇಕಡಾ ೬೦ರಷ್ಟು ಮಾತ್ರ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಮಿಸಬೇಕು ಎಂಬುದು ಪರ್ವತವೈದ್ಯರ ನಿಯಮ. ತಲೆನೋವು, ವಾಕರಿಕೆ ಕಂಡರೆ ಮೇಲಕ್ಕೆ ಹೋಗಬಾರದು. ಗೊಂದಲದ ಮಾತು, ಕುಳಿತಲ್ಲೇ ಏದುಸಿರು ಕಂಡರೆ ಹಗಲು ರಾತ್ರಿ ಎನ್ನದೆ ಕೂಡಲೇ ಕೆಳಗಿಳಿಸಬೇಕು. ಇಳಿಯುವುದೇ ಅದಕ್ಕೆ ಪರಮೌಷಧ. ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೇದಾರಕ್ಕೇರುವ ನಮ್ಮ ವಯೋವೃದ್ಧ ಯಾತ್ರಿಕರಿಗೂ ಈ ಮಾತು ಅನ್ವಯಿಸುತ್ತದೆ. ಕಾಲ್ನಡಿಗೆಯ ದಿನಗಳಲ್ಲಿ ದೇಹಕ್ಕೆ ದೊರೆಯುತ್ತಿದ್ದ ಅವಕಾಶ ಈಗ ದೊರೆಯುವುದಿಲ್ಲ.

ಇನ್ನು ಹೊರದೇಶದ ಮಕ್ಕಳ ಸಂಗತಿ. ಸ್ಕೀ ಎಂದರೆ ಯಂತ್ರದ ತೊಟ್ಟಿಲಲ್ಲಿ ಮೇಲೇರಿ ಸಿದ್ಧಪಡಿಸಿದ ಹಾದಿಯಲ್ಲಿ ಜಾರಿ ಬರುವ ಆಟವೊಂದೇ ಅಲ್ಲ. ಯಂತ್ರಗಳಿಲ್ಲದ ಕಾಡುಪರ್ವತದಲ್ಲಿ ಸ್ಕೀ ಹಲಗೆಗಳ ಮೇಲೆಯೇ ನಡೆದು ಏರಿ, ಆಮೇಲೆ ಜಾರಿ ಇಳಿಯುವ ಇನ್ನೊಂದು ಬಗೆಯುಂಟು. ಹಲಗೆಯ ಅಡಿಗೆ ಅಂಟಿಸುವ ರೋಮದ ಪಟ್ಟಿ ಇದರ ಗುಟ್ಟು. ಎತ್ತಿನ ಮೈಯನ್ನು ಕೂದಲ ದಿಕ್ಕಿನಲ್ಲಿ ಸವರಿದರೆ ಕೈ ಜಾರುತ್ತದೆ, ಎದುರು ದಿಕ್ಕಿನಲ್ಲಿ ತಡೆಯುತ್ತದೆಯಲ್ಲವೆ? ಹಾಗೆಯೇ ಆ ಪಟ್ಟಿ ಮುಂದಕ್ಕೆ ಜಾರಿ ಹಿಂದಕ್ಕೆ ಹಿಡಿಯುತ್ತದೆ. ಹಿಂದೆ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಇದಕ್ಕೆ ಬಳಸುತ್ತಿದ್ದರು, ಈಗ ಮೇಕೆಯ ರೋಮ ಅಥವಾ ನೈಲಾನ್ ಬಳಸುತ್ತಾರೆ. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಸರ್ಲೆಂಡಿನ ಝರ್ಮಾಟ್‌ವರೆಗೆ ಹಿಮನದಿಗಳನ್ನು ದಾಟಿ ಸಾಗುವ ಪ್ರಸಿದ್ಧ ಮಾರ್ಗವನ್ನು ಹೀಗೆಯೇ ವಸಂತದಲ್ಲಿ ಕ್ರಮಿಸುತ್ತಾರೆ. ಆ ಕಾಲ ಮುಗಿದು ಬೇಸಿಗೆಯ ಚಾರಣ ಆರಂಭವಾಗುವ ಮುನ್ನ ಎತ್ತರದ ತಂಗುಮನೆಗಳು ಹಲವು ವಾರ ಮುಚ್ಚಿರುತ್ತವೆ. ಜೂನ್ ಆರಂಭದಲ್ಲಿ ಕಣಿವೆಯಲ್ಲಿ ಹೂವರಳಿದ್ದರೂ, ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಹಿಮ ಹಾಗೆಯೇ ಇದ್ದು ಕಾಲುದಾರಿ ಮುಚ್ಚಿಹೋಗಿರುತ್ತದೆ. ಇದನ್ನರಿಯದೆ ಸಾಮಾನ್ಯ ಬೂಟಿನಲ್ಲಿ ಹೊರಟವರು ಜಾರಿ ಬೀಳುತ್ತಾರೆ.

ಆ ದೇಶಗಳಿಂದ ಕಲಿಯತಕ್ಕ ಶಿಸ್ತೂ ಉಂಟು. ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಹಿಮಪಾತದ ಅಪಾಯವನ್ನು ಒಂದರಿಂದ ಐದರವರೆಗಿನ ಅಂಕಿಯಲ್ಲಿ ಚಳಿಗಾಲದಲ್ಲಿ ದಿನವೂ ಪ್ರಕಟಿಸುತ್ತದೆ. ಮೂರು ಎಂದರೆ ನಡುವಿನದು, ಚಿಂತೆಯಿಲ್ಲ ಎಂದು ಹಲವರು ಭಾವಿಸುತ್ತಾರೆ. ಆದರೆ ಅಲ್ಲಿಯ ಹಿಮಪಾತದ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಂಭವಿಸುವುದು ಈ ಮೂರರ ದಿನಗಳಲ್ಲಿಯೇ. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲೇ ಹಿಮ ಮುರಿದು ಜಾರುವುದು ಹೆಚ್ಚು. ಸಿಲುಕಿದವರಲ್ಲಿ ಬಹುಪಾಲು ಜನ ತಮ್ಮ ಅಥವಾ ಜೊತೆಗಾರರ ಭಾರದಿಂದಲೇ ಆ ಹಿಮವನ್ನು ಸಡಿಲಿಸಿರುತ್ತಾರೆ. ಹೂತವರನ್ನು ಹತ್ತು ನಿಮಿಷಗಳೊಳಗೆ ತೆಗೆದರೆ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆಯಾದರೆ ಮೂರರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಹೊರಗಿನ ನೆರವು ಅಷ್ಟರಲ್ಲಿ ಬರಲಾರದು. ಜೊತೆಗಾರನೇ ರಕ್ಷಕ. ಅದಕ್ಕಾಗಿ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳುಹಿಸುವ ಪುಟ್ಟ ಯಂತ್ರ, ಹಿಮದೊಳಗೆ ಹುಡುಕುವ ಕೋಲು, ಸಲಿಕೆ ಈ ಮೂರೂ ಇರಬೇಕು, ಬಳಸುವ ಅಭ್ಯಾಸವೂ ಇರಬೇಕು.

ನಮ್ಮ ದೇಶದಲ್ಲೂ ಗುಲ್ಮಾರ್ಗ್, ಔಲಿಗಳಲ್ಲಿ ಸ್ಕೀ ಕಲಿಸುತ್ತಾರೆ. ಅಲ್ಲಿಯೂ ಅಪಾಯ ಇಲ್ಲದಿಲ್ಲ. ೨೦೨೪ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಮೇಲಿನ ಇಳಿಜಾರಿನಲ್ಲಿ ಹಿಮಪಾತಕ್ಕೆ ಸಿಕ್ಕಿ ರಷ್ಯಾದ ಪ್ರವಾಸಿಯೊಬ್ಬರು ತೀರಿಕೊಂಡರು. ೧೯೬೫ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ೨೦೨೨ರ ಅಕ್ಟೋಬರ್ ೪ರಂದು ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಪಾತಕ್ಕೆ ಸಿಲುಕಿದಾಗ ಇಪ್ಪತ್ತೈದಕ್ಕೂ ಹೆಚ್ಚು ಜೀವಗಳು ಹೋದವು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ್ದ ಬೋಧಕಿ ಸವಿತಾ ಕನ್ಸ್ವಾಲ್ ಅವರೂ ಅವರಲ್ಲೊಬ್ಬರು. ವಿದ್ಯೆ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ವಿದ್ಯೆಯೂ ಇಲ್ಲದೆ ಹೋಗುವವರ ಗತಿಯನ್ನು ನಾವೇ ಊಹಿಸಿಕೊಳ್ಳಬಹುದು.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? ಮಗನೋ ಮಗಳೋ ಹೊರಟು ನಿಂತಾಗ ಹರಸುವುದರ ಜೊತೆಗೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಆ ಹಾದಿಯಲ್ಲಿ ಈಗ ಹಿಮ ಎಲ್ಲಿಯವರೆಗಿದೆ, ಅದನ್ನು ಕಣ್ಣಾರೆ ಕಂಡು ತಿಳಿಸಿದವರು ಯಾರು? ಪ್ರತಿ ರಾತ್ರಿ ಮಲಗುವ ತಾಣದ ಎತ್ತರವೆಷ್ಟು? ಹವಾಮಾನ ಕೆಟ್ಟರೆ ಕಾಯಲು ಹೆಚ್ಚುವರಿ ದಿನಗಳನ್ನು ಇಟ್ಟುಕೊಂಡಿದ್ದೀರಾ? ಎಷ್ಟು ಗಂಟೆಯೊಳಗೆ ಮೇಲಿನ ತಾಣ ಮುಟ್ಟದಿದ್ದರೆ ಹಿಂದಿರುಗುವಿರಿ, ಅದನ್ನು ತೀರ್ಮಾನಿಸುವವರು ಯಾರು? ಸುದ್ದಿ ಬಾರದಿದ್ದರೆ ನಾವು ಯಾವ ದಿನ, ಯಾರಿಗೆ ತಿಳಿಸಬೇಕು? ವಿಮೆಯು ಆ ಎತ್ತರಕ್ಕೂ ಹೆಲಿಕಾಪ್ಟರ್ ರಕ್ಷಣೆಗೂ ಅನ್ವಯಿಸುತ್ತದೆಯೇ? ಸಾಮಾನ್ಯ ಪ್ರವಾಸದ ವಿಮೆಗಳಲ್ಲಿ ಅನೇಕವು ಇವನ್ನು ಹೊರಗಿಟ್ಟಿರುತ್ತವೆ. ಈ ಪ್ರಶ್ನೆಗಳಿಗೆ ಉತ್ತರಿಸಲು ಪರ್ವತಶಾಸ್ತ್ರಜ್ಞರಾಗಬೇಕಿಲ್ಲ, ಹೊರಡುವ ಮುನ್ನ ಒಂದು ಸಂಜೆ ಕುಳಿತು ಯೋಚಿಸಿದ್ದರೆ ಸಾಕು. ಉತ್ತರವಿಲ್ಲದಿದ್ದರೆ ಹೊರಡುವ ದಿನ ಇನ್ನೂ ಬಂದಿಲ್ಲವೆಂದೇ ಅರ್ಥ.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬೆಟ್ಟದಿಂದ ಮರಳಿದವರನ್ನು ನಾವು ಮೊದಲು ಕೇಳುವ ಮಾತು ಯಾವುದು? "ತುದಿ ಮುಟ್ಟಿದೆಯಾ?" ಎಂಬುದೇ ಅಲ್ಲವೆ? ನೆರೆಹೊರೆಯವರು ಕೇಳುತ್ತಾರೆ, ಕಚೇರಿಯಲ್ಲಿ ಕೇಳುತ್ತಾರೆ, ನೆಂಟರ ಮದುವೆಯಲ್ಲಿ ಕೇಳುತ್ತಾರೆ. ಸಾಲ ಮಾಡಿ ಹಣ ಕಟ್ಟಿ, ಅಪರೂಪಕ್ಕೆ ರಜೆ ಪಡೆದು, ಎಲ್ಲರಿಗೂ ಹೇಳಿ ಹೊರಟ ತರುಣನು ಬೆಟ್ಟದ ಮೇಲೆ ಮೋಡ ಕವಿಯುವುದನ್ನು ಕಂಡಾಗ, ಅವನ ಕಿವಿಯಲ್ಲಿ ಮೊಳಗುವುದು ಈ ಪ್ರಶ್ನೆಯೇ. ಇನ್ನೂ ಒಂದು ಗಂಟೆ, ಇನ್ನೂ ಸ್ವಲ್ಪ ದೂರ ಎಂದು ಅವನನ್ನು ಮುಂದಕ್ಕೆ ತಳ್ಳುವ ಕೈಗಳಲ್ಲಿ ನಮ್ಮ ಕೈಯೂ ಸೇರಿರಬಾರದು.

ಆದ್ದರಿಂದ ಬಂಧುಗಳೇ, ಮಕ್ಕಳು ಹೊರಡುವಾಗ ಬುತ್ತಿಯೊಂದಿಗೆ ಒಂದು ಅಪ್ಪಣೆಯನ್ನೂ ಕಟ್ಟಿಕೊಡೋಣ: ಅರ್ಧ ದಾರಿಯಿಂದ ಮರಳಿದರೂ ಈ ಮನೆಯಲ್ಲಿ ಯಾರೂ ಹಂಗಿಸುವುದಿಲ್ಲ, ಹೋದ ಹಣದ ಲೆಕ್ಕ ಕೇಳುವುದಿಲ್ಲ. ಮರಳಿ ಬಂದವರು ಹದ ನೋಡಿ ಮುಂದಿನ ವರ್ಷ ಮತ್ತೆ ಹೋಗಬಹುದು. ಕೇದಾರದ ಬಾಗಿಲೂ ವರ್ಷವರ್ಷವೂ ಮುಚ್ಚಿ, ವರ್ಷವರ್ಷವೂ ತೆರೆಯುತ್ತದೆ.